ರೆಕಾರ್ಡ್ ಪುಸ್ತಕದಿಂದ ಫೆಲೋಶಿಪ್ ಅರ್ಜಿಯವರೆಗೆ

ಮೈಸೂರಿನ ಯುವರಾಜ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಎಂದರೆ ಹಳಬರಿಗೆಲ್ಲ ಮೊದಲು ನೆನಪಾಗುವುದು ರೆಕಾರ್ಡ್ ಪುಸ್ತಕ. ಬ್ಯುರೆಟ್ ರೀಡಿಂಗ್ ತಾಳೆಯಾಗದೆ ಸಹಿ ಬೀಳುತ್ತಿರಲಿಲ್ಲ. ಅಮೆರಿಕದಲ್ಲಿ ಪಿಎಚ್‌.ಡಿ. ಮಾಡುತ್ತ ಫೆಲೋಶಿಪ್‌ಗೆ ಅರ್ಜಿ ಹಾಕುವವರಿಗೆ ಆ ತಾಳೆ ನೋಡುವ ಚಟವೇ ಒದಗಿಬರುವುದು.

ಮೊದಲು ಅರ್ಹತೆ ಓದಿ. ಅಮೆರಿಕ ಸರ್ಕಾರದ ವಿಜ್ಞಾನ ಪ್ರತಿಷ್ಠಾನ ಎನ್‌ಎಸ್‌ಎಫ್‌ನ ಗ್ರಾಜುಯೇಟ್ ಫೆಲೋಶಿಪ್, ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಎಫ್31 ಫೆಲೋಶಿಪ್ ಎಷ್ಟೇ ಹೆಸರುವಾಸಿಯಾದರೂ ಅಲ್ಲಿನ ಪ್ರಜೆಗಳು, ಗ್ರೀನ್ ಕಾರ್ಡ್‌ನವರಿಗೇ ಮೀಸಲು. ಫುಲ್‌ಬ್ರೈಟ್-ನೆಹರೂ ಡಾಕ್ಟರಲ್ ಫೆಲೋಶಿಪ್ ಭಾರತದಲ್ಲೇ ಪಿಎಚ್‌.ಡಿ.ಗೆ ನೋಂದಾಯಿಸಿದವರಿಗೆ, 6ರಿಂದ 9 ತಿಂಗಳಿಗೆ. ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಸಂಶೋಧಕರು ಅದನ್ನು ನೋಡಬೇಕು. ಎಫ್‌-1 ಎಂಬ ವಿದ್ಯಾರ್ಥಿ ವೀಸಾದವರಿಗೆ ಉಳಿಯುವುದು ಹೆಚ್ಚಾಗಿ ಖಾಸಗಿ ಫೌಂಡೇಶನ್‌ಗಳು ಮತ್ತು ತಮ್ಮ ವಿಶ್ವವಿದ್ಯಾನಿಲಯದ್ದೇ ಫೆಲೋಶಿಪ್‌ಗಳು. ಕೆಲವಕ್ಕೆ ವಿಭಾಗವೇ ಹೆಸರು ಸೂಚಿಸಬೇಕು. ಆ ಒಳಗಿನ ಗಡುವು ಹೊರಗಿನ ಗಡುವಿಗಿಂತ ವಾರಗಟ್ಟಲೆ ಮುಂಚೆ ಮುಗಿದಿರುತ್ತದೆ, ಜಾಣರೂ ಎಡವುವುದು ಇಲ್ಲೇ.

ಇನ್ನು ಪ್ರಸ್ತಾವ. ಎರಡು ಪುಟವೆಂದರೆ ಎರಡೇ ಪುಟ, ಓದುವವರಲ್ಲಿ ಅರ್ಧ ಜನ ನಿಮ್ಮ ವಿಷಯದವರಲ್ಲ. ಮಂಡ್ಯದ ಗದ್ದೆಯನ್ನೇ ತೆಗೆದುಕೊಳ್ಳಿ. ‘ಮೀಥೇನ್ ಜಾಗತಿಕ ಸಮಸ್ಯೆ’ ಎಂದು ಶುರುಮಾಡಿದರೆ ಓದುಗ ಆಕಳಿಸುತ್ತಾನೆ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ಆಮ್ಲಜನಕ ತೀರಿದ ಮೇಲೆ ಮೀಥೇನ್ ಉತ್ಪಾದಿಸುವ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳ ಕೈ ಮೇಲಾಗುತ್ತದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುತ್ತ, ನೀರು ಹರಿಸಿದಾಗ, ನಡುವೆ ಮಣ್ಣು ಆರಿದ ಎಷ್ಟು ದಿನಕ್ಕೆ ಅವು ಸುಮ್ಮನಾಗುತ್ತವೆ, ಮತ್ತೆ ನೀರು ಬಂದ ಎಷ್ಟು ದಿನಕ್ಕೆ ಏಳುತ್ತವೆ? ಇದು ಪ್ರಶ್ನೆ. ಇದರಲ್ಲಿ ಅಳೆಯುವ ವಸ್ತುವಿದೆ, ಅವಧಿಯಿದೆ, ಸೋಲುವ ಸಾಧ್ಯತೆಯೂ ಇದೆ. ಮೊದಲ ಪ್ರಯೋಗ ಕೈಕೊಟ್ಟರೆ ಏನು ಮಾಡುತ್ತೀರಿ ಎಂಬುದಕ್ಕೆ ನಾಲ್ಕು ಸಾಲು ಇಡಲೇಬೇಕು. ಬಹಳ ಮಂದಿ ಅದನ್ನು ನಾಚಿಕೊಂಡು ಬಿಡುತ್ತಾರೆ, ತಪ್ಪು.

ಶಿಫಾರಸು ಪತ್ರಕ್ಕೆ ಆರು ವಾರ ಮೊದಲೇ ಕೇಳಿ, ಪ್ರಸ್ತಾವದ ಕರಡನ್ನೂ ಕೊಡಿ. ಮೇಷ್ಟ್ರುಗಳು ಸ್ವಂತ ಜಿಮೇಲ್ ಬದಲು ಸಂಸ್ಥೆಯ ಇಮೇಲ್‌ನಿಂದ ಕಳಿಸುವುದು ಕ್ಷೇಮ. ‘ಪರಿಶ್ರಮಿ, ವಿಧೇಯ’ ಎಂಬ ನಮ್ಮ ಕಡೆಯ ಹೊಗಳಿಕೆ ಅಲ್ಲಿ ಏನೂ ಹೇಳುವುದಿಲ್ಲ. ಯಾವ ಪ್ರಯೋಗದಲ್ಲಿ ಯಾವ ತಪ್ಪು ಕಂಡುಹಿಡಿದರು ಎಂಬ ಒಂದು ಸಾಲು ಹೇಳುತ್ತದೆ.

ಹೆಸರಿನ ತಾಪತ್ರಯ ನಮ್ಮವರಿಗೆ ವಿಶೇಷ. ಮಾರ್ಕ್ಸ್ ಕಾರ್ಡಿನಲ್ಲಿ ಊರಿನದೊಂದು, ಅಪ್ಪನದೊಂದು ಇನಿಷಿಯಲ್; ಪಾಸ್‌ಪೋರ್ಟಿನಲ್ಲಿ ಅದರ ಬಿಡಿಸಿದ ರೂಪ. ಸರ್‌ನೇಮ್ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಇಡೀ ಹೆಸರೇ ಸರ್‌ನೇಮ್ ಆಗಿ, ಹೆಸರಿದ್ದ ಕಡೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್) ಎಂದು ಬೀಳುತ್ತದೆ. ಅರ್ಜಿ, ಪತ್ರ, ಟ್ರಾನ್ಸ್‌ಕ್ರಿಪ್ಟ್ ಮನವಿ ಎಲ್ಲಕ್ಕೂ ಪಾಸ್‌ಪೋರ್ಟಿನ ಕಾಗುಣಿತವನ್ನೇ ಹಿಡಿಯಿರಿ. ಶೇಕಡಾವಾರನ್ನು ನೀವೇ ಜಿಪಿಎಗೆ ಬದಲಿಸಲು ಹೋಗಬೇಡಿ, ಅಂಕಪಟ್ಟಿಯಲ್ಲಿದ್ದಂತೆ ಬರೆಯಿರಿ.

ಗೆದ್ದ ಮೇಲೂ ಲೆಕ್ಕ ಮುಗಿಯದು. ತೆರಿಗೆ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ (ಅನಿವಾಸಿ) ಆಗಿರುವ ಎಫ್‌-1 ವಿದ್ಯಾರ್ಥಿಯ ಫೆಲೋಶಿಪ್ ಹಣದಲ್ಲಿ ಸಾಮಾನ್ಯವಾಗಿ ಶೇ. 14 ತೆರಿಗೆ ಮೊದಲೇ ಹಿಡಿಯುತ್ತಾರೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿ ನಮ್ಮ ವಿದ್ಯಾರ್ಥಿಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡುವುದರಿಂದ ರಿಟರ್ನ್ ಹಾಕಿದಾಗ ಒಂದಷ್ಟು ವಾಪಸು ಬರುವುದುಂಟು. ಟಿಎ (ಟೀಚಿಂಗ್ ಅಸಿಸ್ಟೆಂಟ್) ಸಂಬಳದ ತೆರಿಗೆ ಪತ್ರ ಡಬ್ಲ್ಯೂ-2 ಜನವರಿ ಕೊನೆಗೇ ಕೈಸೇರುತ್ತದೆ, ಫೆಲೋಶಿಪ್ ಹಣದ ತೆರಿಗೆ ಪತ್ರ 1042-ಎಸ್‌ಗೆ ಮಾರ್ಚ್ 15ರವರೆಗೆ ಗಡುವು. ಮೊದಲಿನದೊಂದನ್ನೇ ಹಿಡಿದು ಫೆಬ್ರವರಿಯಲ್ಲಿ ರಿಟರ್ನ್ ಹಾಕಿದವರು ಏಪ್ರಿಲ್‌ನಲ್ಲಿ ತಿದ್ದುಪಡಿ ಹಾಕುತ್ತ ಕೂರುತ್ತಾರೆ.