ಹದಿನಾಲ್ಕು ಪಾವಟಿಗೆ

ನಮ್ಮ ಮನೆಯ ಮಾಳಿಗೆಯಿಂದ ಅಂಗಳಕ್ಕೆ ಹದಿನಾಲ್ಕು ಪಾವಟಿಗೆ. ಎಲ್ಲಾ ಕಲ್ಲಿನವು. ಆರನೆಯದು ಸ್ವಲ್ಪ ಅಲುಗಾಡುತ್ತದೆ. ಹೋದ ವರ್ಷ ಏಪ್ರಿಲ್, ಮೇ ತಿಂಗಳಲ್ಲಿ ಕತ್ತಲಲ್ಲೇ ಎಷ್ಟು ಸಲ ಹತ್ತಿ ಇಳಿದೆನೆಂದರೆ ಈಗಲೂ ಕಣ್ಣು ಮುಚ್ಚಿ ಇಳಿಯಬಲ್ಲೆ.

ವಿಜಯಪುರದ ಬೇಸಿಗೆ ಗೊತ್ತಲ್ವಾ. ಹಗಲು 40 ಡಿಗ್ರಿ ದಾಟಿದ ದಿನ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಬಿಸಿ ಇರುತ್ತದೆ. ಊಟ ಮುಗಿಸಿ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತುವುದು ನಮ್ಮ ಓಣಿಯ ರೂಢಿ. ಅಪ್ಪ, ಅವ್ವ, ತಮ್ಮ, ನಾನು ಮೇಲೆ. ಆಯಿಗೆ ಮೊಣಕಾಲು ನೋವು, ಹಾಗಾಗಿ ಅವಳ ಹೊರಸು ಅಂಗಳದಲ್ಲಿ. ಸಂಡಾಸು ಅಂಗಳದ ಆ ತುದಿಗೆ, ಹಳೆ ಮನೆಗಳಲ್ಲಿ ಇರುವ ಹಾಗೆ.

ಹನ್ನೊಂದಕ್ಕೆ ಮಲಗಿದರೆ ಒಂದು ಗಂಟೆಗೆ ಎಚ್ಚರ. ಒಂದಕ್ಕೆ, ಅಂದರೆ ಮೂತ್ರಕ್ಕೆ, ಹೋಗಬೇಕು. ಇಳಿದು, ಹೋಗಿ, ಹತ್ತಿ ಮಲಗಿದರೆ ಮತ್ತೆ ಮೂರಕ್ಕೆ. ಆಮೇಲೆ ನಾಲ್ಕೂವರೆಗೆ. ಮಾಳಿಗೆ ಮೇಲಿಂದ ಗೋಳಗುಮ್ಮಟದ ಗುಮ್ಮಟ ಕಾಣುತ್ತದೆ. ಅದನ್ನು ನೋಡಲು ಜನ ಎಲ್ಲೆಲ್ಲಿಂದಲೋ ಬರುತ್ತಾರೆ. ಆದರೆ ರಾತ್ರಿ ಒಂದಕ್ಕೆ, ಮೂರಕ್ಕೆ, ನಾಲ್ಕೂವರೆಗೆ, ದಿನಕ್ಕೆ ಮೂರು ಪಾಳಿಯಲ್ಲಿ ಅದನ್ನು ನೋಡಿದವಳು ಬಹುಶಃ ನಾನೊಬ್ಬಳೇ.

ನನಗಾಗ ಇಪ್ಪತ್ತಾರು. ಮಾರ್ಕೆಟ್ ಹತ್ತಿರದ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ನಿದ್ದೆ ಇಲ್ಲದ ತಲೆ ಲೆಕ್ಕಕ್ಕೆ ಕುಳಿತರೆ ಏನಾಗುತ್ತದೆ? ಒಂದು ದಿನ 4,580 ರೂಪಾಯಿಯ ಬಿಲ್ಲನ್ನು 5,480 ಎಂದು ಏರಿಸಿದೆ. ಸಂಜೆ ಗಲ್ಲಾ ಹೊಂದಲಿಲ್ಲ. ಮಾಲೀಕರು ಒಂಬತ್ತರವರೆಗೆ ಕೂರಿಸಿ ಹುಡುಕಿಸಿದರು. ಬೈದರು ಕೂಡ. ಬೈದದ್ದು ತಪ್ಪಲ್ಲ ಬಿಡಿ, ತಪ್ಪು ನನ್ನದೇ.

ಮನೆಯಲ್ಲಿ ಮೊದಲು ಹಿಡಿದವಳು ಆಯಿ. ಅವಳ ಹೊರಸು ದಾಟಿಯೇ ಹೋಗಬೇಕಲ್ಲ.

"ಯಾಕವಾ, ನಿನ್ನೆ ಮೂರ ಸಲ ಹೋದಿ. ಮೊನ್ನೆ ನಾಕ. ನಾ ಎಣಸ್ಲಾಕತ್ತೀನಿ."

"ಬ್ಯಾಸಗಿ ಆಯಿ, ನೀರ ಜಾಸ್ತಿ ಕುಡೀತೀನಿ."

"ನಿಮ್ಮ ಮುತ್ಯಾಗೂ ಹಿಂಗ ಸುರು ಆಗಿತ್ತ. ಸಕ್ಕರಿ ಬ್ಯಾನಿ."

ಆ ಮಾತು ಎದೆಗೆ ನಾಟಿತು. ಅವ್ವನಿಗೆ ಬೇರೆಯೇ ಚಿಂತೆ. ನನಗೆ ಗಂಡು ನೋಡುತ್ತಿದ್ದರು. "ಯಾರ ಮುಂದೂ ಅನಬ್ಯಾಡ" ಎಂದಳು, ಪಿಸುದನಿಯಲ್ಲಿ. ಯಾರ ಮುಂದೆ ಹೇಳಲಿ ನಾನಾದರೂ? ಕೆಮ್ಮು, ಜ್ವರ ಅಂದರೆ ಬಾಯಿ ಬಿಟ್ಟು ಹೇಳಬಹುದು. ಇದು ಹಾಗಲ್ಲ.

ಮೊದಲು ನಾನೇ ಡಾಕ್ಟರ್ ಆದೆ. ಸಂಜೆ ಆರರ ನಂತರ ನೀರೇ ಬೇಡ ಎಂದು ಹಟ ಹಿಡಿದೆ. ಎರಡನೇ ದಿನಕ್ಕೆ ತಲೆ ಒಡೆಯುವ ನೋವು, ಒಂದಕ್ಕೆ ಹೋದರೆ ಉರಿ. ರಾತ್ರಿ ಬಾಯಿ ಒಣಗಿ ಎದ್ದು, ಕತ್ತಲಲ್ಲಿ ಚರಿಗೆಯನ್ನೇ ಎತ್ತಿ ಗಟಗಟ ಕುಡಿದೆ. ವೈದ್ಯಕೀಯ ಅಲ್ಲಿಗೆ ಮುಗಿಯಿತು.

ಮೂರನೇ ದಿನ ಅಂಗಡಿಗೆ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದೆ. ಡಾಕ್ಟರ್ ಹೆಣ್ಣುಮಗಳು, ಅದೇ ಒಂದು ಸಮಾಧಾನ. ಅವರು ಕೇಳಿದ ಮೊದಲ ಪ್ರಶ್ನೆ ಈಗಲೂ ನೆನಪಿದೆ. "ಒಂದಕ್ಕೆ ಬಂದು ಎಚ್ಚರ ಆಗತದೋ, ಇಲ್ಲಾ ಬ್ಯಾರೆ ಯಾವದಕ್ಕೋ ಎಚ್ಚರಾಗಿ, ಎದ್ದೀನಿ ಹೆಂಗೂ ಅಂತ ಹೋಗತೀರೋ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಸೆಕೆಗೆ, ಸೊಳ್ಳೆಗೆ, ಚಿಂತೆಗೆ ಎಚ್ಚರವಾಗಿ ಸುಮ್ನೆ ಹೋಗಿ ಬರುವವರೂ ಇರುತ್ತಾರಂತೆ. ಅವರದು ನಿದ್ದೆಯ ತೊಂದರೆ, ಮೂತ್ರದ್ದಲ್ಲ. ನನ್ನದು ಹಾಗಲ್ಲ, ಹೊಟ್ಟೆಯ ಕೆಳಗೆ ಒತ್ತಿ ಎಬ್ಬಿಸುತ್ತಿತ್ತು. ಆಮೇಲೆ ಸಾಲು ಪ್ರಶ್ನೆ. ಉರಿ ಇದೆಯಾ, ಜ್ವರ, ರಕ್ತ? ತೂಕ ಇಳಿದಿದೆಯಾ? ಕಾಲು ಬಾವು? ಮಲಬದ್ಧತೆ? ಗೊರಕೆ? ಗೊರಕೆಗೂ ಇದಕ್ಕೂ ಏನು ಸಂಬಂಧ ಎಂದು ನಕ್ಕೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದವರಿಗೆ ಹೃದಯದ ಮೇಲೆ ಒತ್ತಡ ಬಿದ್ದು, ಅದರಿಂದ ಹೊರಡುವ ಒಂದು ಹಾರ್ಮೋನು ಮೂತ್ರ ಹೆಚ್ಚು ಮಾಡುತ್ತದೆ ಎಂದರು. ನಗು ನಿಂತಿತು.

ರಕ್ತ, ಮೂತ್ರ ಎರಡೂ ಪರೀಕ್ಷೆ ಆಯಿತು. ಖಾಲಿ ಹೊಟ್ಟೆಯ ಸಕ್ಕರೆ 88. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 5.3. ಅದು 6.5 ಮುಟ್ಟಿದರೆ ಸಕ್ಕರೆ ಕಾಯಿಲೆ, 5.7ರಿಂದ ಮೇಲೆ ಎಚ್ಚರಿಕೆಯ ಗಡಿ. ಮೂತ್ರದಲ್ಲಿ ಸೋಂಕಿಲ್ಲ. ಮುತ್ಯಾನ ಭೂತ ಹೋಯಿತು. ಆದರೆ ಕಾರಣ ಸಿಗಲಿಲ್ಲ.

ಆಗ ಡಾಕ್ಟರ್ ಗುಳಿಗೆ ಬರೆಯದೆ ಒಂದು ಹಾಳೆ ಕೊಟ್ಟರು. ಮೂರು ದಿನ ಕುಡಿದದ್ದನ್ನೆಲ್ಲ, ಹೋದದ್ದನ್ನೆಲ್ಲ ಅಳೆದು ಬರೆಯಬೇಕು. ಗಂಟೆ ಸಮೇತ. ದುಡ್ಡಿನ ಲೆಕ್ಕ ಬರೆಯುವವಳಿಗೆ ಇದೊಂದು ಲೆಕ್ಕ!

ಪ್ಲಾಸ್ಟಿಕ್ ಅಂಗಡಿಯಲ್ಲಿ ಗೆರೆ ಇರುವ ಅರ್ಧ ಲೀಟರಿನ ಜಗ್ಗು ತಂದೆ. ಸಂಡಾಸಿನ ಮೂಲೆಯಲ್ಲಿ ಇಟ್ಟೆ. ತಮ್ಮನಿಗೆ ಮುಟ್ಟಬೇಡ ಎಂದೆ. ಅವನು ಅದರಲ್ಲಿ ಗಿಡಕ್ಕೆ ನೀರು ಹಾಕಲು ಹೊರಟಿದ್ದ, ಪುಣ್ಯಕ್ಕೆ ನೋಡಿದೆ.

ಶನಿವಾರ ಶುರು. ಬೆಳಗ್ಗೆ ಒಂಬತ್ತಕ್ಕೆ ಮನೆ ಬಿಡುವ ಮೊದಲು 150 ಎಂಎಲ್. ಅದರ ಮುಂದಿನ ಸಾಲಿನ ಗಂಟೆ ರಾತ್ರಿ 8.15. ಬರೆದು ನಾನೇ ಒಂದು ಕ್ಷಣ ನಿಂತೆ. ನಡುವೆ ಹನ್ನೊಂದು ತಾಸು ಏನೂ ಇಲ್ಲ. 8.15ಕ್ಕೆ 250, ಬಣ್ಣ ಕಡು ಹಳದಿ. ಮಲಗುವ ಮುಂಚೆ 200. ರಾತ್ರಿ 260, 240, 200. ಬೆಳಗ್ಗೆ ಎದ್ದಾಗ 250.

ಕುಡಿದ ಸಾಲು ಇನ್ನೂ ವಿಚಿತ್ರ. ಬೆಳಗ್ಗೆ ಅರ್ಧ ಕಪ್ ಚಹಾ. ಹಗಲೆಲ್ಲ ಗಂಟಲು ತೋಯಿಸುವಷ್ಟು ನೀರು. ರಾತ್ರಿ ಎಂಟರಿಂದ ಹನ್ನೊಂದರೊಳಗೆ ಎರಡು ಚರಿಗೆ ನೀರು, ಮಜ್ಜಿಗೆ, ಚಹಾ, ಜೊತೆಗೆ ಕಲ್ಲಂಗಡಿ. ಕಲ್ಲಂಗಡಿ ಬಿಟ್ಟರೂ ಎರಡೂಕಾಲು ಲೀಟರ್.

ಭಾನುವಾರ ಅಂಗಡಿ ರಜೆ. ಮನೆಯಲ್ಲೇ ಇದ್ದೆ. ಬಾಯಾರಿದಾಗ ಕುಡಿದೆ, ಬಂದಾಗ ಹೋದೆ. ಹಗಲು ಆರು ಸಲ, 1,250 ಎಂಎಲ್. ಆ ರಾತ್ರಿ ಎದ್ದದ್ದು ಒಂದೇ ಸಲ. ಸೋಮವಾರ ಅಂಗಡಿ, ಮತ್ತೆ ಮೂರು ಸಲ.

ಹಾಳೆ ನೋಡಿ ಡಾಕ್ಟರ್ ಕೇಳಿದ್ದು ಒಂದೇ ಮಾತು. "ನಿಮ್ಮ ಅಂಗಡ್ಯಾಗ ಸಂಡಾಸ ಇಲ್ಲೇನು?"

ಇತ್ತು. ಅದನ್ನೇ ಹೇಳಬೇಕು. ಹಿಂದಿನ ಗೋದಾಮಿನ ಪಕ್ಕ ಇತ್ತು, ಒಳಗೆ ರಟ್ಟಿನ ಡಬ್ಬಿ ತುಂಬಿ ಬೀಗ ಹಾಕಿದ್ದರು. ಗಂಡಸರು ಹೇಗೋ ಹೊರಗೆ ಹೋಗಿ ಬರುತ್ತಿದ್ದರು. ನಾವು ಮೂವರು ಹೆಂಗಸರು. ಒಬ್ಬಳು ಮಧ್ಯಾಹ್ನ ಹತ್ತಿರದ ಸಂಬಂಧಿಕರ ಮನೆಗೆ ಹೋಗುತ್ತಿದ್ದಳು. ಹಿರಿಯ ಅಕ್ಕ ಇಪ್ಪತ್ತು ವರ್ಷದಿಂದ "ರೂಢಿ" ಮಾಡಿಕೊಂಡಿದ್ದಳು. ನಾನು ಕೆಲಸಕ್ಕೆ ಸೇರಿದ ಮೊದಲ ವಾರವೇ ಅವಳು ಕಲಿಸಿದ ಪಾಠ: ನೀರು ಕುಡಿಯಬೇಡ, ತಾನೇ ಬರಲ್ಲ. ಅದನ್ನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಬಾಯಾರುವುದೇ ಮರೆತುಹೋಗಿತ್ತು. ಮನೆಯ ಹೊಸ್ತಿಲು ದಾಟಿದ ಕೂಡಲೇ ನೀರಡಿಕೆ.

ಡಾಕ್ಟರ್ ಹಾಳೆಯ ಹಿಂದೆ ಲೆಕ್ಕ ಮಾಡಿ ತೋರಿಸಿದರು. ಮಲಗುವ ಮುಂಚಿನದು ಹಗಲಿನ ಪಾಲು. ಮಲಗಿದ ಮೇಲಿನದೆಲ್ಲ, ಬೆಳಗಿನ ಮೊದಲನೆಯದೂ ಸೇರಿ, ರಾತ್ರಿಯ ಪಾಲು. ಶನಿವಾರ ಒಟ್ಟು 1,550ರಲ್ಲಿ ರಾತ್ರಿಯದು 950. ಅಂದರೆ ನೂರಕ್ಕೆ 61. ಹರೆಯದವರಲ್ಲಿ ಇದು 20ರ ಆಸುಪಾಸು ಇರಬೇಕಂತೆ. ಭಾನುವಾರದ್ದು 28.

ರಾತ್ರಿ ಮೆದುಳಿನಿಂದ ಒಂದು ಹಾರ್ಮೋನು ಜಾಸ್ತಿ ಬರುತ್ತದೆ, ನೀರು ಹಿಡಿದಿಟ್ಟುಕೋ ಎಂದು ಮೂತ್ರಪಿಂಡಕ್ಕೆ ಹೇಳುತ್ತದೆ. ಅದಕ್ಕೇ ಆರೇಳು ತಾಸು ಏಳದೆ ಮಲಗಲು ಆಗುವುದು. ನಾನು ಮಾಡುತ್ತಿದ್ದದ್ದು ಉಲ್ಟಾ. ಹಗಲು ಬೆವರು ಸುರಿಸಿ ಮೈ ಒಣಗಿಸಿ, ಮೂತ್ರಪಿಂಡ ಹನಿ ಹನಿ ಉಳಿಸುವಂತೆ ಮಾಡಿ, ರಾತ್ರಿ ಒಮ್ಮೆಲೇ ಕೆರೆಯ ತೂಬು ಎತ್ತುತ್ತಿದ್ದೆ. ಪಾಪ ಆ ಹಾರ್ಮೋನು ಏನು ಮಾಡೀತು? ಮೂತ್ರಕೋಶದ್ದೂ ತಪ್ಪಿರಲಿಲ್ಲ. ಅದು ಸುಮಾರು 400 ಎಂಎಲ್ ಹಿಡಿಯುತ್ತದೆ, 200ರ ಹೊತ್ತಿಗೆ ಬಾಗಿಲು ತಟ್ಟಲು ಶುರು ಮಾಡುತ್ತದೆ. ಹಗಲೆಲ್ಲ ತಡೆದು ಕೂರುವ ಚಟ ಸೋಂಕಿಗೂ ದಾರಿ ಎಂದು ಡಾಕ್ಟರ್ ಸ್ವಲ್ಪ ಸಿಟ್ಟಿನಿಂದಲೇ ಹೇಳಿದರು.

ಇನ್ನೊಂದು ಮಾತು ಉಪ್ಪಿನದು. ರಾತ್ರಿ ರೊಟ್ಟಿ ಜೊತೆ ಶೇಂಗಾ ಚಟ್ನಿ, ಉಪ್ಪಿನಕಾಯಿ, ಕರಿದ ಹಪ್ಪಳ, ಇಷ್ಟಿಲ್ಲದಿದ್ದರೆ ನಮಗೆ ಊಟವೇ ಅಲ್ಲ. ಜಪಾನಿನ ನಾಗಾಸಾಕಿ ವಿಶ್ವವಿದ್ಯಾಲಯದವರು 2017ರಲ್ಲಿ ತಿಳಿಸಿದ ಅಧ್ಯಯನವೊಂದನ್ನು ಆಮೇಲೆ ಓದಿದೆ. ದಿನದ ಉಪ್ಪನ್ನು 10.7 ಗ್ರಾಂನಿಂದ 8 ಗ್ರಾಂಗೆ ಇಳಿಸಿದವರಲ್ಲಿ ರಾತ್ರಿ ಏಳುವುದು 2.3 ಸಲದಿಂದ 1.4 ಸಲಕ್ಕೆ ಇಳಿದಿತ್ತು. ಹಪ್ಪಳವನ್ನು ಮಧ್ಯಾಹ್ನದ ಡಬ್ಬಿಗೆ ವರ್ಗಾಯಿಸಿದೆ. ಚಟ್ನಿ ಬಿಡಲು ಮಾತ್ರ ಆಗಲಿಲ್ಲ, ಕ್ಷಮಿಸಿ.

ಅಂಗಡಿಯ ವಿಷಯ ಅಷ್ಟು ಸುಲಭ ಇರಲಿಲ್ಲ. ಮಾಲೀಕರ ಎದುರು ನಿಂತು ಇದನ್ನು ಹೇಗೆ ಹೇಳುವುದು? ಎರಡು ದಿನ ಗಲ್ಲಾದ ಮುಂದೆ ಹೋಗಿ, "ಸಾವಕಾರ್ರ..." ಎಂದು, ಬಿಲ್ ಪುಸ್ತಕದ ಮಾತು ಆಡಿ ವಾಪಸ್ ಬಂದೆ. ಕೊನೆಗೆ ಹಿರಿಯ ಅಕ್ಕನಿಗೆ ನನ್ನ ಹಾಳೆ ತೋರಿಸಿದೆ. 9ರಿಂದ 8.15ರವರೆಗಿನ ಖಾಲಿ ಜಾಗವನ್ನು ಅವಳು ಬಹಳ ಹೊತ್ತು ನೋಡಿದಳು. ಆಮೇಲೆ, "ನಾನೂ ರಾತ್ರಿ ಮೂರ ಸಲ ಏಳತೀನಿ. ವಯಸ್ಸಾತು ಅಂತ ತಿಳಕೊಂಡಿದ್ನೆ" ಎಂದಳು. ಹಾಳೆ ಮಡಚಿ ನನ್ನ ಕೈಗೆ ಕೊಟ್ಟು ನೇರ ಗಲ್ಲಾಕ್ಕೆ ಹೋದಳು.

ಏನು ಮಾತಾಡಿದಳೋ ಪೂರ್ತಿ ಕೇಳಿಸಲಿಲ್ಲ. "ನಿಮ್ಮ ಮಗಳೂ ನಾಳೆ ನೌಕರಿಗೆ ಹೋಗ್ತಾಳ್ರಿ" ಎಂಬುದಷ್ಟೇ ಕಿವಿಗೆ ಬಿತ್ತು. ಮಾಲೀಕರು ತಲೆ ಎತ್ತಲಿಲ್ಲ. ಆದರೆ ನಾಲ್ಕನೇ ದಿನ ಹಮಾಲರು ಡಬ್ಬಿ ಹೊರಗೆ ತಂದರು. ಒಳಗೆ ನಲ್ಲಿಯಲ್ಲಿ ನೀರಿರಲಿಲ್ಲ, ಬ್ಯಾರಲ್ ಇಟ್ಟರು. ಚಿಲಕ ಹಾಕಿಸಲು ಇನ್ನೊಂದು ವಾರ. ಕೀಲಿಕೈ ಗಲ್ಲಾದ ಹಿಂದಿನ ಮೊಳೆಗೆ ತೂಗು ಹಾಕಿದರು. ಅಂದರೆ ಪ್ರತಿ ಸಲ ಅವರನ್ನು ಕೇಳಿಯೇ ಹೋಗಬೇಕು. ಮಾರನೇ ದಿನ ಹಿರಿಯ ಅಕ್ಕ ಅದರ ಜೋಡಿ ಕೀಲಿ ಮಾಡಿಸಿ ತಂದು, ಸೀರೆಗಳ ರ್‍ಯಾಕಿನ ಹಿಂದೆ ಸಿಕ್ಕಿಸಿದಳು. ಅದು ಮಾಲೀಕರಿಗೆ ಗೊತ್ತಿದೆಯೋ ಇಲ್ಲವೋ, ಇಲ್ಲಿಯವರೆಗೆ ಕೇಳಿಲ್ಲ.

ಈಗ ಒಂದು ಲೀಟರಿನ ಬಾಟಲಿ ಒಯ್ಯುತ್ತೇನೆ. ಊಟದೊಳಗೆ ಒಂದು, ಸಂಜೆಯೊಳಗೆ ಇನ್ನೊಂದು. ರಾತ್ರಿ ಒಂಬತ್ತರ ಮೇಲೆ ಒಂದೆರಡು ಗುಟುಕು ಅಷ್ಟೇ. ಎರಡು ವಾರದಲ್ಲಿ ಮೂರು ಸಲ ಒಂದಾಯಿತು, ಜೂನ್ ಹೊತ್ತಿಗೆ ಎಷ್ಟೋ ರಾತ್ರಿ ಒಂದೂ ಇಲ್ಲ.

ಇದರಿಂದ ಬೇಜಾರಾದದ್ದು ಆಯಿಗೆ. ಒಂದು ಬೆಳಗ್ಗೆ ಹೊರಸಿನ ಮೇಲೆ ಕುಳಿತು ಚಹಾ ಬಸಿಯಲ್ಲಿ ಆರಿಸಿಕೊಳ್ಳುತ್ತಾ ಹೇಳಿದಳು. "ನಿನ್ನೆ ಒಂದ ಸಲಾನೂ ಬರಲಿಲ್ಲ ನೋಡು. ನಂಗ ಮೂರಕ್ಕ ಎಚ್ಚರ ಆತು. ಮಾತಾಡ್ಲಾಕ ಯಾರೂ ಇರಲಿಲ್ಲ."