ಕರೆದವರು ಅವರಲ್ಲವೇ?

ಜರ್ಮನಿ ಎಂದರೆ ಊರಿನಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಗಡಿಯಾರ. "ಅಲ್ಲಿ ಎಲ್ಲವೂ ಹೇಳಿದ ಹೊತ್ತಿಗೆ ಆಗುತ್ತದಂತೆ, ನಿನಗೇನು ಚಿಂತೆ" ಎಂದು ಮಡಿಕೇರಿಯ ಚಿಕ್ಕಮ್ಮ ಫೋನು ಮಾಡಿದಾಗಲೆಲ್ಲ ಹೇಳುತ್ತಾರೆ. ಹ್ಯಾಂಬರ್ಗಿನ ಒಂದು ಕಾಫಿ ಆಮದು ಸಂಸ್ಥೆ ಸಂದರ್ಶನಕ್ಕೆ ಕರೆದಾಗ ನಾನೂ ಅದೇ ನಂಬಿಕೆಯಿಂದ, ತಡವಾಗಬಾರದೆಂದು ಹೆಚ್ಚು ಹಣ ಕೊಟ್ಟು, ನಾನಿರುವ ಬ್ರೆಮೆನ್‌ನಿಂದ ಬೆಳಗಿನ ವೇಗದ ರೈಲು ಹಿಡಿದೆ.

ಹಸಿರು, ಅಂದರೆ ಇನ್ನೂ ಹುರಿಯದ, ಕಾಫಿಬೀಜದ ಗುಣಮಟ್ಟ ಪರೀಕ್ಷಿಸುವ ಕೆಲಸ ಅದು. ಕೊಡಗಿನ ಸಿದ್ದಾಪುರದ ತೋಟಗಳ ನಡುವೆ ಬೆಳೆದು, ಕಾಫಿ ಮಂಡಳಿಯ ಗುಣಮಟ್ಟ ಡಿಪ್ಲೊಮಾ ಮುಗಿಸಿ ಬಂದ ನನಗೆ ಇದಕ್ಕಿಂತ ಒಪ್ಪುವ ಕೆಲಸ ಈ ದೇಶದಲ್ಲಿ ಇನ್ನೊಂದು ಸಿಗಲಾರದು. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿಯ ಜೊತೆ ಜರ್ಮನಿಯೂ ಇದೆ. ಭಾರತದ ಕಾಫಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಕೊಡಗಿನದು. ಹ್ಯಾಂಬರ್ಗಿನ ಬಂದರಿನಲ್ಲಿ ಇಳಿಯುವ ಮೂಟೆಗಳಲ್ಲಿ ನಮ್ಮ ಕಡೆಯದ್ದೂ ಇರುತ್ತದೆ ಎಂಬ ಹೆಮ್ಮೆ ದಾರಿಯುದ್ದಕ್ಕೂ ಇತ್ತು.

ಅಲ್ಲಿ ಹೋದರೆ ನಾನು ಬರುವುದು ಯಾರಿಗೂ ಗೊತ್ತಿರಲಿಲ್ಲ. ನನಗೆ ಪತ್ರ ಬರೆದವರು ರಜೆಯ ಮೇಲಿದ್ದರು. ಸ್ವಾಗತದಲ್ಲಿದ್ದ ಹುಡುಗಿ ನನ್ನ ಹೆಸರನ್ನು ಮತ್ತೆ ಮತ್ತೆ ಕೇಳಿ ಬರೆದುಕೊಂಡು, ಮಾದರಿ ಬೀಜಗಳ ತಟ್ಟೆಗಳಿದ್ದ ಒಂದು ಕೋಣೆಯಲ್ಲಿ ಕೂರಿಸಿ ಹೋದವಳು ಮಧ್ಯಾಹ್ನದವರೆಗೂ ಆ ಕಡೆ ಬರಲಿಲ್ಲ. ಕೊನೆಗೊಬ್ಬ ಯುವಕ ಬಂದ. ಅವನ ಕೈಯಲ್ಲಿದ್ದ ಅರ್ಜಿ ಬೇರೆ ಯಾರದ್ದೋ. ಲೆಕ್ಕಪತ್ರದ ತಂತ್ರಾಂಶಗಳ ಬಗ್ಗೆ ಪ್ರಶ್ನೆ ಕೇಳುತ್ತಾ ಹೋದ. ಅದು ನನ್ನ ಅರ್ಜಿಯಲ್ಲ ಎಂದು ತಿಳಿಸಿದ ಮೇಲೆ ಹೊರಗೆ ಹೋಗಿ ಬಂದು, ಈ ಹುದ್ದೆಗೆ ಇನ್ನೂ ಮಂಜೂರಾತಿ ಸಿಕ್ಕಿಲ್ಲ, ಆಮೇಲೆ ತಿಳಿಸುತ್ತೇವೆ ಎಂದ.

ನನಗೆ ಹೆಚ್ಚು ನೋವಾದದ್ದು ಕಾದದ್ದಕ್ಕಲ್ಲ. ನನ್ನ ಎದುರಿನ ತಟ್ಟೆಯೊಂದರಲ್ಲಿ ರೊಬಸ್ಟಾ ಎಂಬ ಜಾತಿಯ ಕಾಫಿ ಬೀಜವಿತ್ತು. ಬಣ್ಣ ನೋಡಿದರೇ ಸಾಕು, ಅದು ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಹಾಕಿ ತೊಳೆದ ಪಾರ್ಚ್‌ಮೆಂಟ್ ಅಲ್ಲ, ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಮಾಡಿದ ಚೆರಿ ಎಂದು ತಿಳಿಯುತ್ತಿತ್ತು. ಒಂದು ಹಿಡಿ ಕೈಗೆ ಕೊಟ್ಟು "ಇದು ಹೇಗಿದೆ ಹೇಳು" ಎಂದಿದ್ದರೆ ಅರ್ಧ ದಿನ ಮಾತಾಡುತ್ತಿದ್ದೆ. ಆ ಕೋಣೆಯಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಒಂದೇ ಒಂದು ವಸ್ತುವಿನ ಬಗ್ಗೆ ಯಾರೂ ಕೇಳಲಿಲ್ಲ.

ಸಂಜೆ ಮನೆಗೆ ಬಂದಾಗ ಮೆಟ್ಟಿಲಲ್ಲಿ ಕೆಳಮನೆಯ ಹಿರಿಯ ಮಹಿಳೆ ಸಿಕ್ಕರು. ಬಂದರಿನ ಕಚೇರಿಯೊಂದರಲ್ಲಿ ದುಡಿದು ನಿವೃತ್ತರಾದವರು. ನಡೆದದ್ದನ್ನೆಲ್ಲ ಹೇಳಿದೆ. ಅಯ್ಯೋ ಪಾಪ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ರೈಲಿನ ಟಿಕೆಟ್ ಇಟ್ಟುಕೊಂಡಿದ್ದೀರಾ?"

ಯಾಕೆಂದು ಕೇಳಿದೆ. "ಕರೆದವರು ಅವರಲ್ಲವೇ? ಹಾಗಾದರೆ ನೀವು ಹೋದದ್ದು ಅವರ ಕೆಲಸಕ್ಕೆ. ಖರ್ಚು ಅವರೇ ಕೊಡಲಿ" ಎಂದರು.

ಇಲ್ಲಿನ ಕಾನೂನು ಇರುವುದೇ ಹಾಗೆ. ಸಂದರ್ಶನಕ್ಕೆ ಕರೆದ ಸಂಸ್ಥೆ, ಪ್ರಯಾಣದ ಖರ್ಚು ಕೊಡುವುದಿಲ್ಲ ಎಂದು ಮೊದಲೇ ತಿಳಿಸಿರದಿದ್ದರೆ, ಕೆಲಸ ಕೊಟ್ಟರೂ ಕೊಡದಿದ್ದರೂ ಅಭ್ಯರ್ಥಿಯ ಟಿಕೆಟ್ಟಿನ ಹಣ ಕೊಡಬೇಕು. ಆಕೆಯೇ ಮೇಜಿನ ಮುಂದೆ ಕುಳಿತು ಪತ್ರ ಬರೆಸಿದರು. ವಿನಂತಿಯ ಮಾತು ಬಂದಲ್ಲೆಲ್ಲ ಹೊಡೆದು ಹಾಕಿಸಿದರು. ಆಮೇಲೆ ಹಣ ಖಾತೆಗೆ ಬಂತು. ಕೆಲಸದ ಬಗ್ಗೆ ಮಾತ್ರ ಈವರೆಗೂ ಒಂದು ಸಾಲಿಲ್ಲ.

ಕರೆದವರು ಅವರಲ್ಲವೇ ಎಂಬ ಆಕೆಯ ಮಾತು ನನ್ನನ್ನು ಬಿಡುತ್ತಿಲ್ಲ. ನಮ್ಮಲ್ಲಿ ಕೆಲಸ ಕೇಳಿಕೊಂಡು ಹೋದವರು ಯಾವಾಗಲೂ ಅಂಗಳದಲ್ಲಿ ನಿಲ್ಲುವವರೇ. ಸೋಮವಾರಪೇಟೆಯಿಂದಲೋ ವಿರಾಜಪೇಟೆಯಿಂದಲೋ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಬಸ್ ನಿಲ್ದಾಣದಲ್ಲೇ ಮುಖ ತೊಳೆದು, "ಸಾಹೇಬರಿಲ್ಲ, ನಾಳೆ ಬನ್ನಿ" ಎನಿಸಿಕೊಂಡು ಬಂದ ಮಕ್ಕಳು ನಮ್ಮ ಬಂಧುಗಳಲ್ಲೇ ಎಷ್ಟಿಲ್ಲ! ಕರೆದರಲ್ಲ, ಅದೇ ದೊಡ್ಡದು ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಬಸ್ ಚಾರ್ಜು ಯಾರು ಕೊಡಬೇಕು ಎಂಬ ಪ್ರಶ್ನೆಯನ್ನು ನಾನು ಊರಿನಲ್ಲಿ ಯಾರ ಬಾಯಿಂದಲೂ ಕೇಳಿಲ್ಲ.

ಯಾರೂ ಯೋಚಿಸಲೇ ಇಲ್ಲ ಎಂದರೆ ತಪ್ಪಾದೀತು. ಅಪ್ಪ ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಕೊಯ್ಲಿನ ಸಮಯದಲ್ಲಿ ಪಿರಿಯಾಪಟ್ಟಣದ ಕಡೆಯಿಂದ ನಸುಕಿನಲ್ಲೇ ಜೀಪಿನಲ್ಲಿ ಆಳುಗಳು ಬರುತ್ತಿದ್ದರು. ಬುತ್ತಿ ಕಟ್ಟಿಕೊಂಡು, ಮಕ್ಕಳನ್ನು ಎಬ್ಬಿಸದೆ ಬಿಟ್ಟು ಬಂದ ಹೆಂಗಸರೇ ಹೆಚ್ಚು. ಕೆಲವು ದಿನ ಅಕಾಲದ ಮಳೆ ಹಿಡಿದುಬಿಡುತ್ತಿತ್ತು. ಮಳೆಯಲ್ಲಿ ಹಣ್ಣು ಕೊಯ್ಯುವಂತಿಲ್ಲ. ಆಗ ಮೇಸ್ತ್ರಿ ಜೀಪು ತಿರುಗಿಸಿ ಕಳಿಸುತ್ತಿದ್ದ. ಒಂದು ವರ್ಷ ಅಪ್ಪ ಅಂಥ ದಿನ ಬಂದವರಿಗೆಲ್ಲ ಚೆಕ್‌ರೋಲ್ ಎನ್ನುವ ಹಾಜರಿ ಪುಸ್ತಕದಲ್ಲಿ ಅರ್ಧ ಹಾಜರಿ ಹಾಕಿದರು. ಬಟವಾಡೆಯ ಮುಂಚೆ ಮಾಲೀಕರು ಪುಸ್ತಕ ತರಿಸಿ ನೋಡಿ, ಆ ಗುರುತುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದರು. ಅಪ್ಪ ಆ ದಿನ ಊಟಕ್ಕೆ ಕುಳಿತಾಗ ಅಮ್ಮನಿಗೆ, "ಬರಹೇಳಿದ್ದು ನಾವೇ ತಾನೇ" ಎಂದದ್ದು ನನಗೆ ನೆನಪಿದೆ. ನಾನಾಗ ಸಣ್ಣವಳು, ಅದು ಮಳೆಯ ಮೇಲಿನ ಸಿಟ್ಟು ಎಂದುಕೊಂಡಿದ್ದೆ.

ಈಗ ನಮ್ಮದೇ ಸ್ವಲ್ಪ ತೋಟವಿದೆ, ತಮ್ಮ ನೋಡಿಕೊಳ್ಳುತ್ತಾನೆ. ಅಸ್ಸಾಮಿನಿಂದ ಬಂದ ಕುಟುಂಬಗಳು ಆಳುಗಳ ಸಾಲುಮನೆಯಾದ ಲೈನ್ ಮನೆಯಲ್ಲಿವೆ, ಕೊಯ್ಲಿಗೆ ಹೊರಗಿನಿಂದ ಜೀಪೂ ಬರುತ್ತದೆ. ಕಳೆದ ಭಾನುವಾರ ಅವನಿಗೆ ಎಲ್ಲ ಹೇಳಿ, ಮಳೆ ಬಂದು ತಿರುಗಿ ಕಳಿಸಿದ ದಿನ ಆಳುಗಳಿಗೆ ಏನು ಕೊಡುತ್ತೀಯ ಎಂದು ಕೇಳಿದೆ.

"ಜೀಪಿನ ಬಾಡಿಗೆ ನಾನೇ ಕೊಡುತ್ತೇನಲ್ಲ ಅಕ್ಕ. ಕೆಲಸವೇ ಆಗದೆ ಕೂಲಿ ಕೊಟ್ಟರೆ ಪಕ್ಕದ ತೋಟದವರು ನನ್ನ ಮೇಲೆ ಜಗಳಕ್ಕೆ ಬರುತ್ತಾರೆ" ಎಂದ.

"2024ರಲ್ಲಿ ರೊಬಸ್ಟಾಕ್ಕೆ ನಾವು ಕಂಡೇ ಇರದ ಬೆಲೆ ಬಂದಾಗ ಪಕ್ಕದ ತೋಟದವರನ್ನು ಕೇಳಿ ಮಾರಿದೆಯಾ?" ಎಂದೆ. ಮಾತು ಸ್ವಲ್ಪ ಬಿರುಸಾಯಿತು. ಜರ್ಮನಿಯ ಕಾನೂನು ಕೊಡಗಿಗೆ ತರಬೇಡ ಎಂದ. ಇದು ಜರ್ಮನಿಯದಲ್ಲ, ಅಪ್ಪನ ಚೆಕ್‌ರೋಲಿನದು ಎಂದೆ. ಅವನಿಗೆ ಆ ಕೆಂಪು ಶಾಯಿಯ ಕಥೆ ಗೊತ್ತೇ ಇರಲಿಲ್ಲ. ಅವನು ಹುಟ್ಟುವ ಮುಂಚಿನದು. ಪೂರ್ತಿ ಕೇಳಿಸಿಕೊಂಡ. ಅರ್ಧ ಹಾಜರಿಯ ವಿಷಯ ಮೇಸ್ತ್ರಿಯ ಜೊತೆ ಮಾತಾಡಿ ನೋಡುತ್ತೇನೆ ಎಂದಿದ್ದಾನೆ. ಕೊಯ್ಲು ಶುರುವಾಗುವ ಮುಂಚೆ ಮತ್ತೆ ಫೋನು ಮಾಡಿ ಕೇಳುತ್ತೇನೆ.