ಗೋಡೆಗೆ ಬಣ್ಣ ಹಚ್ಚುವ ಮೊದಲು ಓಣಿಯವರ ಕೈಗೆ ರಸೀದಿ ಪುಸ್ತಕ

ಗೋಡೆಚಿತ್ರ ಬರೆಸಿ, ಜನರನ್ನು ಕರೆತಂದು ತೋರಿಸಿದರೆ ಕೆಟ್ಟ ಹೆಸರಿನ ಓಣಿ ಬದಲಾಗುತ್ತದೆ ಎಂದು ನಂಬಿ ಈ ಕೆಲಸಕ್ಕೆ ಬರುವವರು ಬಹಳ. ಅವರೆಲ್ಲ ತೋರಿಸುವ ಉದಾಹರಣೆ ಕೊಲಂಬಿಯಾದ ಮೆಡೆಯಿನ್ ನಗರದ ಕೊಮುನಾ 13. ಅದು 2002ರ ಅಕ್ಟೋಬರ್‌ನಲ್ಲಿ ಸೈನ್ಯ ನುಗ್ಗಿ ಗುಂಡು ಹಾರಿಸಿದ್ದ ಗುಡ್ಡದ ಬಡಾವಣೆ. ಈಗ ಅಲ್ಲಿಗೆ ಪ್ರವಾಸಿಗರ ಸಾಲು. ನಡುವೆ ಆದ ಕೆಲಸವನ್ನು ಮಾತ್ರ ಯಾರೂ ಹೇಳುವುದಿಲ್ಲ: 2011ರ ಕೊನೆಗೆ ನಗರಾಡಳಿತ ಆ ಗುಡ್ಡಕ್ಕೆ 384 ಮೀಟರ್ ಉದ್ದದ ಎಸ್ಕಲೇಟರ್ ಹಾಕಿಸಿತು. ಬಂದವರನ್ನು ಚಿತ್ರ ತೋರಿಸುತ್ತ ನಡೆಸಿ, ಸತ್ತವರ ಹೆಸರು ಹೇಳಿದ್ದು ಅಲ್ಲಿಯದೇ ಹಿಪ್‌ಹಾಪ್ ಹಾಡು-ಕುಣಿತದ ಹುಡುಗರು.

ನಮ್ಮ ಬಳ್ಳಾರಿಯ ಓಣಿಗಳಲ್ಲೂ ಕ್ರಮ ಅದೇ ಇರಬೇಕು. ಮೊದಲು ಚರಂಡಿ ಮತ್ತು ಬೀದಿದೀಪದ ಅರ್ಜಿ, ಆಮೇಲೆ ಬಣ್ಣ. ತುಂಬಿ ಹರಿಯುವ ಚರಂಡಿಯ ಪಕ್ಕ ನವಿಲು ಬರೆದರೆ ಓಣಿಯವರಿಗೆ ಅದು ಅವಮಾನ.

ಗೋಡೆಗೆ ಎರಡು ಕಾಗದ ಬೇಕು. ಒಂದು ಮಾಲೀಕರ ಒಪ್ಪಿಗೆ; ಬಾಡಿಗೆದಾರರು 'ಹೂಂ' ಅಂದರೆ ಸಾಲದು. ಇನ್ನೊಂದು ಮಹಾನಗರ ಪಾಲಿಕೆಯ ಲಿಖಿತ ಅನುಮತಿ. ಸಾರ್ವಜನಿಕರಿಗೆ ಕಾಣುವ ಗೋಡೆಯ ಮೇಲೆ ಬರೆಯುವುದು 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆಯಡಿ ಬರುತ್ತದೆ.

ಹಳೆ ಓಣಿಗಳಲ್ಲಿ ಹೆಚ್ಚಿನವು ಸುಣ್ಣದ ಗೋಡೆಗಳು. ಅಂಗೈಯಿಂದ ಉಜ್ಜಿ ನೋಡಿ: ಬಿಳಿ ಪುಡಿ ಹತ್ತಿದರೆ ಅದರ ಮೇಲೆ ಎಮಲ್ಷನ್ ಬಣ್ಣ ನಿಲ್ಲುವುದಿಲ್ಲ, ಒಂದೇ ಮಳೆಗಾಲಕ್ಕೆ ಹಾಳೆಯಂತೆ ಎದ್ದು ಬರುತ್ತದೆ. ಸ್ಕ್ರೇಪರ್, ತಂತಿ ಬ್ರಷ್‌ನಿಂದ ಗಟ್ಟಿ ಗಾರೆ ಸಿಗುವವರೆಗೆ ಕೆರೆದು, ತೊಳೆದು, ಪೂರ್ತಿ ಒಣಗಿಸಿ. ಇಪ್ಪತ್ತಡಿ ಉದ್ದ, ಹತ್ತಡಿ ಎತ್ತರದ ಗೋಡೆಗೆ, ಬಣ್ಣಕ್ಕೂ ಮೊದಲು ಬಳಿಯುವ ಎಕ್ಸ್‌ಟೀರಿಯರ್ ಪ್ರೈಮರ್ ಎರಡೂವರೆ ಲೀಟರ್, ಎರಡು ಕೋಟ್ ಎಮಲ್ಷನ್‌ಗೆ ನಾಲ್ಕು ಲೀಟರ್ ಹಿಡಿಯಿರಿ. ಒರಟು ಗಾರೆ ಇನ್ನೂ ಹೆಚ್ಚು ಕುಡಿಯುತ್ತದೆ. ನೆಲದಿಂದ ಎರಡಡಿ ಚಿತ್ರ ಬೇಡ. ಅಲ್ಲಿ ತೇವ ಏರಿ, ಉಪ್ಪು ಹೊರಬಂದು ಬಣ್ಣ ಉಬ್ಬುತ್ತದೆ.

ನವೆಂಬರ್‌ನಿಂದ ಜನವರಿಯವರೆಗೆ ಒಳ್ಳೆಯ ಕಾಲ. ಏಪ್ರಿಲ್-ಮೇನಲ್ಲಿ ಪಶ್ಚಿಮದ ಗೋಡೆ ಮಧ್ಯಾಹ್ನ ಕಾದ ಹಂಚು. ಬಣ್ಣ ಹಿಡಿದುಕೊಳ್ಳುವ ಮೊದಲೇ ನೀರು ಆರಿ ಬ್ರಷ್ ಗೆರೆ ಉಳಿಯುತ್ತದೆ. ಗುಲಾಬಿ, ನೇರಳೆ ಬೇಗ ಮಾಸುತ್ತವೆ. ಕಾವಿ, ಹಳದಿ ಮಣ್ಣಿನ ಬಣ್ಣ ಮತ್ತು ಕಪ್ಪು ಆಕ್ಸೈಡ್ ಬಿಸಿಲು ತಾಳುತ್ತವೆ. ಬರೆಯಲು ಊರಿನ ಬೋರ್ಡ್ ಪೇಂಟರ್‌ಗಳನ್ನೇ ಕರೆಯಿರಿ. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಆ ಕೈಗಳು ದಾರ ಹೊಡೆದು ಗೆರೆ ಮೂಡಿಸಿ, ಒಂದಡಿ ಚೌಕ ಹಾಕಿ, ಎರಡಡಿ ಅಕ್ಷರವನ್ನೂ ತಪ್ಪಿಲ್ಲದೆ ಬರೆಯುತ್ತವೆ.

ಬಂದವರಿಗೆ ಚಿತ್ರ ತೋರಿಸುತ್ತ ಓಣಿ ಸುತ್ತಿಸುವ ನಡಿಗೆಯ ವಿಷಯಕ್ಕೆ ಬಂದರೆ, ಗುಂಪು ಹನ್ನೆರಡು ಜನರನ್ನು ಮೀರಬಾರದು. ಆರಡಿ ಓಣಿಯಲ್ಲಿ, ಮನೆಯಲ್ಲಿ ಹೊಲಿಯುವ ಜೀನ್ಸ್ ಬಂಡಲ್ ಹೇರಿದ ಸ್ಕೂಟರ್ ಬಂದಾಗ ಅದು ದಾಟಲು ಜಾಗ ಇರಬೇಕು. ಅದು ಆ ಮನೆಯ ಹೊಟ್ಟೆಪಾಡು. ನಲ್ಲಿ ನೀರು ಬಿಡುವ ಹೊತ್ತಿಗೆ ನಡಿಗೆ ಇಡಲೇಬೇಡಿ. ಕೊಡದ ಸಾಲಿನಲ್ಲಿ ಒದ್ದೆ ಸೀರೆಯಲ್ಲಿ ನಿಂತ ಹೆಣ್ಣುಮಕ್ಕಳ ಮುಂದೆ ಮೊಬೈಲ್ ಎತ್ತಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ಬಾಗಿಲು ತೆಗೆಯುವುದಿಲ್ಲ. ನೀರು ಬಿಡುವ ವೇಳೆ ದಿನದಿನಕ್ಕೆ ಬದಲಾಗುವುದರಿಂದ, ನಡಿಗೆಯ ಸಮಯ ನಿಗದಿ ಮಾಡುವವರು ಓಣಿಯವರೇ ಆಗಿರಬೇಕು.

ದುಡ್ಡೂ ಅವರ ಕೈಯಲ್ಲೇ ಇರಲಿ. ತಲೆಗೆ 200 ರೂಪಾಯಿಯಂತೆ ಹತ್ತು ಜನ ಬಂದರೆ 2,000. ಅದರಲ್ಲಿ ಕಥೆ ಹೇಳಿದ ಹುಡುಗ-ಹುಡುಗಿಗೆ 700, ಮಂಡಕ್ಕಿ-ಮಿರ್ಚಿ, ಚಹಾ ಮಾಡಿದ ಮನೆಗೆ 600, ಗೋಡೆ ರಿಪೇರಿಗೆ 400, ಓಣಿ ನಿಧಿಗೆ 300. ರಸೀದಿ ಹರಿದು, ಅವತ್ತೇ ಕಟ್ಟೆಯ ಮೇಲೆ ಎಲ್ಲರೆದುರು ಎಣಿಸಿ ಹಂಚಬೇಕು. ಲೆಕ್ಕ ಒಂದು ವಾರ ತಡವಾದರೂ ಸಾಕು, 'ಯಾರೋ ತಿಂದರು' ಎಂಬ ಮಾತು ಹಬ್ಬುತ್ತದೆ.

ಒಪ್ಪಿಗೆ ಪತ್ರದಲ್ಲಿ ಒಂದು ಸಾಲು ಮರೆಯಬೇಡಿ: ಯುಗಾದಿಗೋ ಮನೆಯ ಮದುವೆಗೋ ಸುಣ್ಣ ಹೊಡೆಯಬೇಕಾದರೆ ಚಿತ್ರ ಅಳಿಸುವ ಹಕ್ಕು ಮನೆಯವರದ್ದು. ಹದಿನೈದು ದಿನ ಮೊದಲೇ ತಿಳಿಸಿದರೆ ಫೋಟೋ ತೆಗೆದಿಟ್ಟು, ನಡಿಗೆಯ ದಾರಿ ಬದಲಿಸಿಕೊಳ್ಳಲು ಆಗುತ್ತದೆ.